ಗುಜರಿಗೆ ಹಾಕುವ ಮೊದಲು ಒಮ್ಮೆ ನೋಡಿ: ನಮ್ಮ ಮನೆಗಳಲ್ಲಿ ಉಳಿದಿರುವ ಯುದ್ಧದ ಗುರುತುಗಳು

ಬಿ.ಸಿ.ರೋಡ್, ಮೇಲ್ಕಾರ್, ಕಲ್ಲಡ್ಕ ಕಡೆ ಹೆದ್ದಾರಿ ಅಗಲ ಮಾಡುವಾಗ ಎಷ್ಟು ಹಳೆ ಮನೆ, ಅಂಗಡಿ ಹೋದವು ಅಂತ ಎಲ್ಲರಿಗೂ ಗೊತ್ತುಂಟು. ಪುಂಜಾಲಕಟ್ಟೆ–ಚಾರ್ಮಾಡಿ ರಸ್ತೆಯಲ್ಲಿ, ಮೂಡುಬಿದಿರೆ ಬದಿಯಲ್ಲಿ ಕೂಡ ಅದೇ ಕಥೆ. ರಸ್ತೆಗೆ ಹೋಗದ ಮನೆಯನ್ನು ಮಕ್ಕಳು ಟೆರೇಸ್ ಮಾಡಿಸ್ತಾರೆ. ಹಂಚು ಇಳಿಯುವ ದಿನವೇ ಅಟ್ಟದ ಟ್ರಂಕೂ ಕೆಳಗೆ ಬರ್ತದೆ. ಮರ ಒಂದು ಕಡೆ, ಹಿತ್ತಾಳೆ ಒಂದು ಕಡೆ, ಉಳಿದದ್ದು ಗುಜರಿಗೆ.

ಆ ರಾಶಿಯಲ್ಲಿ ಎರಡು ಮಹಾಯುದ್ಧಗಳ, ಆಮೇಲಿನ 1965, 1971ರ ಯುದ್ಧಗಳ ಗುರುತುಗಳು ಇರಬಹುದು. ನಮ್ಮ ಮೂರು ತಾಲೂಕಿನಲ್ಲಿ ರಣರಂಗ ಇರಲಿಲ್ಲ ನಿಜ. ಆದರೆ ಯುದ್ಧಕ್ಕೆ ಹೋದ ಅಜ್ಜಂದಿರು ಇದ್ದರು, ಯುದ್ಧದಿಂದಾಗಿ ಬದಲಾದ ಹಂಚು, ಹಣ, ಅಕ್ಕಿ ಇತ್ತು. ಯಾವ ವಸ್ತು ಏನು ಹೇಳ್ತದೆ, ಹೇಗೆ ಗುರುತಿಸುವುದು, ಸಿಕ್ಕಿದರೆ ಏನು ಮಾಡಬೇಕು ಅಂತ ಒಂದೊಂದಾಗಿ ಇಲ್ಲಿ ಕೊಟ್ಟಿದ್ದೇವೆ. ಬೇಕಾದವರು ಉಳಿಸಿಟ್ಟುಕೊಳ್ಳಿ.

1. ಹಂಚು: ಮಾಲೀಕ ಬದಲಾದ ಕಥೆ

ಮೊದಲು ಮಾಡಿನ ಹಂಚು ಒಂದನ್ನು ತಿರುಗಿಸಿ ನೋಡಿ. ಒಳಬದಿಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕಾರ್ಖಾನೆಯ ಹೆಸರು ಇರ್ತದೆ. 'ಬಾಸೆಲ್ ಮಿಷನ್ ಟೈಲ್ ವರ್ಕ್ಸ್' ಅಂತ ಇದ್ದರೆ ಅದು ಮೊದಲ ಮಹಾಯುದ್ಧದ ಕಾಲಕ್ಕಿಂತ ಹಿಂದಿನ ಹೆಸರು. 'ಕಾಮನ್‌ವೆಲ್ತ್ ಟ್ರಸ್ಟ್' ಅಂತ ಇದ್ದರೆ ಯುದ್ಧದ ನಂತರದ್ದು.

ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಮಿಷನ್‌ನ ಮುಖ್ಯ ಕಚೇರಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. ಆದರೆ ಇಲ್ಲಿ ಕೆಲಸ ಮಾಡುತ್ತಿದ್ದವರಲ್ಲಿ ಜರ್ಮನರು ಬಹಳ ಜನ. 1914ರ ಆಗಸ್ಟ್‌ನಲ್ಲಿ ಬ್ರಿಟನ್–ಜರ್ಮನಿ ಯುದ್ಧ ಶುರುವಾದ ಕೂಡಲೇ, ಶಾಲೆ ನಡೆಸಿದ, ಅಚ್ಚುಕೂಟ ನಡೆಸಿದ ಅದೇ ಪಾದ್ರಿಗಳು ಬ್ರಿಟಿಷ್ ಸರಕಾರದ ಲೆಕ್ಕದಲ್ಲಿ ಶತ್ರು ದೇಶದವರಾದರು. ಜರ್ಮನ್ ಮಿಷನರಿಗಳನ್ನು ಬಂಧಿಸಿ ಅಹ್ಮದ್‌ನಗರದ ಶಿಬಿರಕ್ಕೆ ಕಳಿಸಿದರು, ಆಮೇಲೆ ಹಡಗು ಹತ್ತಿಸಿ ಊರಿಗೆ ಅಟ್ಟಿದರು. ಕಾರ್ಖಾನೆಗಳು ಸರಕಾರದ ವಶಕ್ಕೆ ಹೋಗಿ, ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪೆನಿಯ ಕೈ ಸೇರಿದವು.

ಒಂದು ಎಚ್ಚರಿಕೆ. ಬಾಸೆಲ್ ಮಿಷನ್ ಹಂಚಿನ ಮೇಲೆ '1865' ಅಂತ ಕಂಡರೆ ಹಂಚು ಆ ವರ್ಷದ್ದು ಅಂತ ತಿಳಿಯಬೇಡಿ. ಅದು ಕಾರ್ಖಾನೆ ಶುರುವಾದ ವರ್ಷ. ಹಾಗೆಯೇ ಒಂದೇ ಮಾಡಿನಲ್ಲಿ ಎರಡು–ಮೂರು ಕಾರ್ಖಾನೆಯ ಹಂಚು ಇರ್ತದೆ, ಮಳೆಗಾಲಕ್ಕೆ ಮೊದಲು ಒಡೆದದ್ದನ್ನು ಬದಲಾಯಿಸಿದ್ದು. ಬರೇ ಹಂಚು ನೋಡಿ ಮನೆಯ ವಯಸ್ಸು ಹೇಳಲು ಬರುವುದಿಲ್ಲ. ಆದರೂ ಬೇರೆ ಬೇರೆ ಹೆಸರಿನ ಒಂದೊಂದು ಹಂಚು ತೆಗೆದಿಡಿ, ಉಳಿದದ್ದು ಬೇಕಾದರೆ ಮಾರಿ.

2. ಖಾಕಿ: ವಾಟ್ಸ್‌ಆ್ಯಪ್‌ನಲ್ಲಿ ಬರುವುದು ಎಷ್ಟು ನಿಜ?

'ಪ್ರಪಂಚಕ್ಕೆ ಖಾಕಿ ಕೊಟ್ಟದ್ದು ಮಂಗಳೂರು' ಅಂತ ಆಗಾಗ ಫಾರ್ವರ್ಡ್ ಬರ್ತದೆ. ಅರ್ಧ ನಿಜ. ಸೈನ್ಯದಲ್ಲಿ ಮಣ್ಣಿನ ಬಣ್ಣದ ಬಟ್ಟೆ ಶುರುವಾದದ್ದು 1840ರ ದಶಕದಲ್ಲಿ, ಪೇಶಾವರ ಕಡೆ. ಹ್ಯಾರಿ ಲಮ್ಸ್‌ಡೆನ್ ಕಟ್ಟಿದ 'ಗೈಡ್ಸ್' ಎಂಬ ಪಡೆ ಅದನ್ನು ಮೊದಲು ಹಾಕಿತು. ಖಾಕ್ ಅಂದರೆ ಪಾರ್ಸಿ, ಉರ್ದುವಿನಲ್ಲಿ ಮಣ್ಣು, ಧೂಳು.

ಮಂಗಳೂರಿನ ಪಾಲು ಬಣ್ಣದ್ದು. ಬಲ್ಮಠದ ಬಾಸೆಲ್ ಮಿಷನ್ ನೇಯ್ಗೆ ಶಾಲೆಗೆ 1851ರಲ್ಲಿ ಹಾಲರ್ ಎಂಬ ನೇಕಾರ ಬಂದ. ನಮ್ಮ ಗೇರಿನಿಂದ ಖಾಕಿ ಬಣ್ಣ ತಯಾರಿಸಿದ್ದು ಅವನು ಅಂತ ಮಿಷನ್‌ನ ಇತಿಹಾಸ ಹೇಳ್ತದೆ. ಆ ನೇಯ್ಗೆಯ ಬಟ್ಟೆಗೆ ಒಳ್ಳೆ ಹೆಸರು ಬಂತು. ಹಾಗಾಗಿ 'ಖಾಕಿ ಹುಟ್ಟಿದ್ದು ಇಲ್ಲಿ' ಅನ್ನುವುದಕ್ಕಿಂತ 'ಖಾಕಿಗೆ ನಮ್ಮೂರಿನ ಬಣ್ಣವೂ ಸೇರಿತು' ಅನ್ನುವುದು ಸರಿ. 1914ರ ಹೊತ್ತಿಗೆ ಬ್ರಿಟಿಷ್ ಇಂಡಿಯಾದ ಸೈನ್ಯ ಪೂರ್ತಿ ಖಾಕಿಯಲ್ಲಿ ಯುದ್ಧಕ್ಕೆ ಹೋಯಿತು. ಖಾಕಿ ನೇಯ್ದ ಮಿಷನ್‌ನ ಜನ ಮಾತ್ರ ಆ ಹೊತ್ತಿಗೆ ಶತ್ರುಗಳ ಪಟ್ಟಿಯಲ್ಲಿದ್ದರು.

3. ತೂತು ಕಾಸು ಮತ್ತು ಒಂದು ರೂಪಾಯಿ ನೋಟು

ಇದು ವ್ಯಾಪಾರಿಗಳಿಗೆ ಖುಷಿ ಕೊಡುವ ವಿಷಯ. 'ಒಟ್ಟೆ ಮುಕ್ಕಾಲಿನ ಬೆಲೆ ಇಲ್ಲ' ಅಂತ ಬೈಯುವುದುಂಟಲ್ಲ, ಆ ನಡುವೆ ತೂತು ಇರುವ ಒಂದು ಪೈಸೆ ಎರಡನೇ ಮಹಾಯುದ್ಧದ ಮಗು. ಮದ್ದುಗುಂಡಿಗೆ ತಾಮ್ರ ಬೇಕಾಯಿತು. 1943ರಿಂದ ಪೈಸೆಯ ನಡುವೆ ತೂತು ಬಿದ್ದಿತು. ಮೊದಲು ಸುಮಾರು 5 ಗ್ರಾಂ ಇದ್ದ ನಾಣ್ಯ 2 ಗ್ರಾಂಗೆ ಇಳಿಯಿತು. 1947ರವರೆಗೂ ಹಾಗೇ ಬಂತು.

ರೂಪಾಯಿಯೂ ಬಡವಾಯಿತು. 1940ಕ್ಕೆ ಮೊದಲು ರೂಪಾಯಿ ನಾಣ್ಯದಲ್ಲಿ ನೂರಕ್ಕೆ 91ಕ್ಕಿಂತ ಹೆಚ್ಚು ಬೆಳ್ಳಿ. 1940ರಲ್ಲಿ ಅದನ್ನು 50ಕ್ಕೆ ಇಳಿಸಿದರು. 1947ರಲ್ಲಿ ಬಂದ ರೂಪಾಯಿ ಬರೇ ನಿಕ್ಕಲ್. ಅಜ್ಜಿಯ ಬೆಳ್ಳಿ ರೂಪಾಯಿ ಮಾರಲು ಹೊರಟವರು ಮೊದಲು ಇಸವಿ ನೋಡಿ.

ಒಂದು ರೂಪಾಯಿ ನೋಟು ಹುಟ್ಟಿದ್ದು ಕೂಡ ಯುದ್ಧದಿಂದಲೇ. ಮೊದಲ ಮಹಾಯುದ್ಧದಲ್ಲಿ ಬೆಳ್ಳಿಗೆ ತತ್ವಾರವಾಗಿ 1917ರ ನವೆಂಬರ್ 30ರಂದು ಅದನ್ನು ಹೊರತಂದರು. ಮರುವರ್ಷ ಎರಡೂವರೆ ರೂಪಾಯಿ ನೋಟು ಸಹ ಬಂತು. ನಡುವೆ ನಿಂತುಹೋದ ಒಂದು ರೂಪಾಯಿ ನೋಟು 1940ರಲ್ಲಿ, ಮತ್ತೆ ಯುದ್ಧದ ಕಾಲದಲ್ಲೇ, ವಾಪಸ್ ಬಂತು.

ಹಳೆ ರೇಷನ್ ಕಾರ್ಡು ಸಿಕ್ಕಿದರೆ ಅದನ್ನೂ ಎಸೆಯಬೇಡಿ. 1942ರಲ್ಲಿ ಜಪಾನ್ ಬರ್ಮಾ ಹಿಡಿದ ಮೇಲೆ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಪೆಟ್ರೋಲಿಗೆ ಬರ ಬಂದು ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡಿದ್ದು ಅದೇ ಕಾಲದಲ್ಲಿ. ಘಾಟಿ ಹತ್ತುವಾಗ ಬಸ್ಸು ನಿಂತರೆ ಪ್ರಯಾಣಿಕರೇ ಇಳಿದು ದೂಡಬೇಕಿತ್ತು.

4. ಪದಕ: ಅಂಚಿನಲ್ಲಿ ಅಜ್ಜನ ಹೆಸರು

ಟ್ರಂಕಿನಲ್ಲಿ ಸಿಗುವ ಎಲ್ಲ ವಸ್ತುಗಳಲ್ಲಿ ಇದು ಮುಖ್ಯ. ಮೊದಲ ಮಹಾಯುದ್ಧದಲ್ಲಿ ಭಾರತದಿಂದ 13 ಲಕ್ಷಕ್ಕೂ ಹೆಚ್ಚು ಜನ ಹೋಗಿದ್ದರು, 74 ಸಾವಿರಕ್ಕೂ ಹೆಚ್ಚು ಜನ ಸತ್ತರು. ಎರಡನೆಯದರಲ್ಲಿ ಸುಮಾರು 25 ಲಕ್ಷ ಜನ, ಸತ್ತವರು 87 ಸಾವಿರ. ನಮ್ಮ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ಸೌತ್ ಕೆನರಾ. ಇಲ್ಲಿಯವರ ದಾಖಲೆ ಮದ್ರಾಸಿನ ಹೆಸರಲ್ಲೇ ಹುಡುಕಬೇಕು, ಮೈಸೂರಿನ ಹೆಸರಲ್ಲಿ ಸಿಗುವುದಿಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ಕುದುರೆ ಮೇಲೆ, ಭರ್ಜಿ ಹಿಡಿದು ಗೆದ್ದ ಮೈಸೂರು ಲ್ಯಾನ್ಸರ್ಸ್ ನಮಗೆಲ್ಲ ಹೆಮ್ಮೆ ನಿಜ, ಆದರೆ ಅದು ಮೈಸೂರು ಮಹಾರಾಜರ ಪಡೆ.

ಗುರುತಿಸುವುದು ಹೀಗೆ:

ಮೊದಲ ಮಹಾಯುದ್ಧ (1914–18): ದುಂಡಗಿನ ಪದಕ, ಒಂದು ಬದಿ ಐದನೇ ಜಾರ್ಜ್ ದೊರೆ, ಇನ್ನೊಂದು ಬದಿ ಕುದುರೆ ಮೇಲೆ ಕೂತ ಮನುಷ್ಯ, 1914 ಮತ್ತು 1918 ಎಂಬ ಇಸವಿ. ಇದು ಬ್ರಿಟಿಷ್ ವಾರ್ ಮೆಡಲ್. ರೆಕ್ಕೆಯ ಹೆಂಗಸಿನ ಚಿತ್ರ ಇದ್ದರೆ ವಿಕ್ಟರಿ ಮೆಡಲ್.

ಎರಡನೇ ಮಹಾಯುದ್ಧ (1939–45): ಆರು ಮೂಲೆಯ ಕಂಚಿನ ನಕ್ಷತ್ರ. ಅದರ ಮೇಲೆ ಬರ್ಮಾ, ಆಫ್ರಿಕಾ, ಇಟಲಿ ಅಂತ ಯಾವ ಹೆಸರಿದೆಯೋ ಅಜ್ಜ ಆ ಕಡೆ ಯುದ್ಧಕ್ಕೆ ಹೋಗಿದ್ದಾರೆ ಅಂತ ಅರ್ಥ. ಭಾರತದ ನಕ್ಷೆ ಇರುವ ದುಂಡು ಪದಕ ಇಂಡಿಯಾ ಸರ್ವಿಸ್ ಮೆಡಲ್, ದೇಶದೊಳಗೆ ಸೇವೆ ಮಾಡಿದವರದ್ದು. ಸಿಂಹ ನಿಂತಿದ್ದರೆ ವಾರ್ ಮೆಡಲ್.

1965: ಸಮರ ಸೇವಾ ಸ್ಟಾರ್ ಯುದ್ಧಭೂಮಿಯಲ್ಲಿ ಇದ್ದವರಿಗೆ. ರಕ್ಷಾ ಮೆಡಲ್ ಆಗ ಸೇವೆಯಲ್ಲಿದ್ದ ಉಳಿದವರಿಗೂ ಸಿಕ್ಕಿತು.

1971: ಪೂರ್ವಿ ಸ್ಟಾರ್ ಬಾಂಗ್ಲಾ ಕಡೆ, ಪಶ್ಚಿಮಿ ಸ್ಟಾರ್ ಪಾಕಿಸ್ತಾನದ ಪಶ್ಚಿಮ ಗಡಿ ಕಡೆ. ಸಂಗ್ರಾಮ್ ಮೆಡಲ್ ಆ ಹೊತ್ತಿಗೆ ಸೇವೆಯಲ್ಲಿದ್ದ ಎಲ್ಲರಿಗೂ. ಹಾಗಾಗಿ ಸಂಗ್ರಾಮ್ ಮೆಡಲ್ ಒಂದೇ ಇದ್ದರೆ ಗಡಿಯಲ್ಲಿ ಹೋರಾಡಿದರು ಅಂತ ಹೇಳಲಾಗದು.

ಈಗ ಪದಕವನ್ನು ಬೆಳಕಿಗೆ ಅಡ್ಡ ಹಿಡಿದು ಅಂಚು ನೋಡಿ. ಸಣ್ಣ ಅಕ್ಷರದಲ್ಲಿ ನಂಬರ್, ಹುದ್ದೆ, ಹೆಸರು, ಪಡೆ ಕೊರೆದಿರ್ತಾರೆ. ನಕ್ಷತ್ರವಾದರೆ ಹಿಂಬದಿಯಲ್ಲಿ. ಆ ಒಂದು ಗೆರೆ ಇಡೀ ಮನುಷ್ಯನ ವಿಳಾಸ. ಆರ್‌ಐಎಎಸ್‌ಸಿ ಅಂತ ಇದ್ದರೆ ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್, ಅಂದರೆ ಸಾಮಾನು ಸಾಗಿಸುವ ಪಡೆ. ಆರ್‌ಐಎನ್ ಅಂದರೆ ರಾಯಲ್ ಇಂಡಿಯನ್ ನೇವಿ. 1950ರ ಜನವರಿ 26ಕ್ಕೆ ನಾವು ಗಣರಾಜ್ಯ ಆದಾಗ ಈ 'ರಾಯಲ್' ಬಿಟ್ಟುಹೋಯಿತು. ಹಾಗಾಗಿ ಮೊದಲ ಅಕ್ಷರದಿಂದಲೇ ಕಾಲ ಗೊತ್ತಾಗ್ತದೆ. ನಂಬರಿನ ಮುಂದೆ ಜೆಸಿ ಇದ್ದರೆ ಸುಬೇದಾರ್ ಮಟ್ಟದವರು, ಐಸಿ ಇದ್ದರೆ ಅಧಿಕಾರಿ.

ಬ್ರಿಟಿಷ್ ವಾರ್ ಮೆಡಲ್ ಬಗ್ಗೆ ಒಂದು ಮಾತು. ಸಿಪಾಯಿಗಳಿಗೆ ಕೊಟ್ಟದ್ದು ಬೆಳ್ಳಿಯದ್ದು. ಅಡುಗೆಯವರು, ನೀರು ಹೊರುವವರು, ಹೇಸರಗತ್ತೆ ನೋಡುವವರು, ಕೂಲಿ ಪಡೆಯವರು, ಇಂಥವರಿಗೆ ಕೊಟ್ಟದ್ದು ಅದೇ ಚಿತ್ರದ ಕಂಚಿನ ಪದಕ. ಇವರನ್ನು 'ಫಾಲೋವರ್' ಅಂತ ಕರೆಯುತ್ತಿದ್ದರು, ಹಿಂದೆ ಬರುವವರು ಅಂತ ಅರ್ಥ. ಕಂಚಿನದ್ದು ಕಂಡರೆ 'ಡೂಪ್ಲಿಕೇಟ್' ಅಂತ ಬಿಸಾಡುವವರಿದ್ದಾರೆ. ಬೆಳ್ಳಿಯದ್ದು ಅಂತ ಕರಗಿಸಿ ಮಾರುವವರೂ ಇದ್ದಾರೆ. ಎರಡೂ ಮಾಡಬೇಡಿ. ನೂರು ವರ್ಷ ದಾಟಿದ ಇಂಥ ವಸ್ತುಗಳಿಗೆ 1972ರ ಪುರಾತನ ವಸ್ತು ಕಾಯ್ದೆ ಅನ್ವಯ ಆಗ್ತದೆ, ವಿದೇಶಕ್ಕೆ ಮಾರಿ ಕಳಿಸುವಂತಿಲ್ಲ. ಗುಜರಿ ಅಂಗಡಿಯವರು ಇದನ್ನು ಗಮನದಲ್ಲಿಡಿ.

ಹಾಗೆಯೇ ಹುಣಸೆಹುಳಿ, ಬ್ರಾಸೊ ಹಾಕಿ ತಿಕ್ಕಬೇಡಿ. ಹೊಳಪು ಬರ್ತದೆ, ಅಂಚಿನ ಹೆಸರು ಸವೆದು ಹೋಗ್ತದೆ.

5. ತ್ರೀ ನಾಟ್ ತ್ರೀ ಮತ್ತು ಮನೆಯ ಕೋವಿ

ಪೊಲೀಸ್ ಠಾಣೆಯಲ್ಲಿ, ಮತಗಟ್ಟೆ ಬಾಗಿಲಲ್ಲಿ ಹಳೆಯ ಮರದ ಹಿಡಿಯ ಬಂದೂಕು ನೋಡಿದ ನೆನಪು ನಮ್ಮಲ್ಲಿ ಹಲವರಿಗೆ ಉಂಟು. ಅದೇ ತ್ರೀ ನಾಟ್ ತ್ರೀ, ಲೀ ಎನ್‌ಫೀಲ್ಡ್. ನಳಿಗೆಯ ಒಳವ್ಯಾಸ ಅಂಗುಲದ ಸಾವಿರದಲ್ಲಿ 303 ಭಾಗ, ಅಂದರೆ 7.7 ಮಿಲಿಮೀಟರ್. ಅದಕ್ಕೇ ಆ ಹೆಸರು. ಹತ್ತು ಗುಂಡು ತುಂಬ್ತದೆ, ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯಬೇಕು. ಬಂಗಾಳದ ಈಶಾಪುರ ಕಾರ್ಖಾನೆಯಲ್ಲಿ ಇದನ್ನು ತಯಾರಿಸುತ್ತಿದ್ದರು.

ಎರಡು ಮಹಾಯುದ್ಧದಲ್ಲೂ ಭಾರತದ ಸಿಪಾಯಿಯ ಹೆಗಲಲ್ಲಿ ಇದ್ದದ್ದು ಇದೇ ಜಾತಿಯ ಬಂದೂಕು. 1962ರಲ್ಲಿ ಚೀನಾದವರು ಒಂದರ ಮೇಲೊಂದು ಗುಂಡು ಹಾರಿಸುವ ಬಂದೂಕು ತಂದಾಗಲೂ ನಮ್ಮವರು ಹಿಮದಲ್ಲಿ ಬೋಲ್ಟ್ ಎಳೆಯುತ್ತಿದ್ದರು. ಆ ಸೋಲಿನ ನಂತರವೇ 7.62ರ ಎಸ್‌ಎಲ್‌ಆರ್ ಸೈನ್ಯಕ್ಕೆ ವೇಗವಾಗಿ ಬಂತು, ತ್ರೀ ನಾಟ್ ತ್ರೀ ಪೊಲೀಸರ ಪಾಲಾಯಿತು.

ಟ್ರಂಕಿನಲ್ಲಿ ಹಿತ್ತಾಳೆಯ ಖಾಲಿ ತೋಟೆ ಸಿಕ್ಕಿದರೆ ಅದರ ಬುಡ ನೋಡಿ. ಇಂಗ್ಲಿಷಿನಲ್ಲಿ ಕೆ, ಎಫ್ ಅಂತ ಇದ್ದರೆ ಪುಣೆಯ ಖಡ್ಕಿ ಕಾರ್ಖಾನೆ. ಪಕ್ಕದ ಎರಡು ಅಂಕೆ ತಯಾರಾದ ಇಸವಿ. ಆದರೆ ತುದಿಯಲ್ಲಿ ಗುಂಡು ಹಾಗೇ ಇದ್ದರೆ, ಅಥವಾ ಏನೋ ಭಾರದ ಕಬ್ಬಿಣದ ಉಂಡೆ ಅಂತ ಅನಿಸಿದರೆ ಮುಟ್ಟಬೇಡಿ, ಗುಜರಿ ತಕ್ಕಡಿಗೆ ಹಾಕಲೇಬೇಡಿ. 112ಕ್ಕೆ ಫೋನ್ ಮಾಡಿ. ಎಂಬತ್ತು ವರ್ಷ ಆದರೂ ಮದ್ದು ಸಿಡಿಯಬಹುದು.

ಬೆಳ್ತಂಗಡಿ ಕಡೆ ತೋಟಕ್ಕೆ ಹಂದಿ, ಮಂಗ ಬರ್ತದೆ ಅಂತ ಇಟ್ಟುಕೊಂಡ ಕೋವಿಗಳ ವಿಷಯ ಬೇರೆ. ಲೈಸೆನ್ಸ್ ಇದ್ದ ಹಿರಿಯರು ತೀರಿಹೋದರೆ ಮಕ್ಕಳು 'ಅಪ್ಪನದ್ದು, ಇರಲಿ' ಅಂತ ಅಟ್ಟದಲ್ಲೇ ಬಿಡ್ತಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ತಡ ಮಾಡದೆ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಕೋವಿ ವ್ಯಾಪಾರಿಯಲ್ಲಿ ಜಮಾ ಮಾಡಬೇಕು. ನಿಮ್ಮ ಹೆಸರಿಗೆ ಬೇಕಾದರೆ ಆಮೇಲೆ ಅರ್ಜಿ ಹಾಕಬಹುದು.

6. ಕಾಗದ: ಎಲ್ಲಕ್ಕಿಂತ ಮೊದಲು ಗೆದ್ದಲು ತಿನ್ನುವುದು ಇದನ್ನೇ

ಡಿಸ್ಚಾರ್ಜ್ ಪುಸ್ತಕ, ಪೆನ್ಶನ್ ಕಾಗದ, ಅಂಚೆ ಕವರ್, ಗುಂಪು ಫೋಟೋ. ಡಿಸ್ಚಾರ್ಜ್ ಪುಸ್ತಕದಲ್ಲಿ ಸೇರಿದ ದಿನ, ಬಿಟ್ಟ ದಿನ, ಮಾಡಿದ ಕೆಲಸ, ಸಿಕ್ಕಿದ ಪದಕ, ಹೆಂಡತಿ–ಮಕ್ಕಳ ಹೆಸರು ಎಲ್ಲ ಇರ್ತದೆ. ಕುಟುಂಬ ಪೆನ್ಶನ್‌ನ ತಕರಾರಿಗೆ, ಮಾಜಿ ಸೈನಿಕರ ಅವಲಂಬಿತರ ಗುರುತು ಚೀಟಿಗೆ ಆಧಾರ ಅದೇ. ಏನಾದರೂ ಸಂಶಯ ಇದ್ದರೆ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಪುಸ್ತಕ ತೆಗೆದುಕೊಂಡು ಹೋಗಿ.

ಹೋದವರು ವಾಪಸ್ ಬರಲಿಲ್ಲ ಅಂತ ಮನೆಯಲ್ಲಿ ಮಾತು ಇದ್ದರೆ ಇನ್ನೊಂದು ದಾರಿ ಉಂಟು. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಎಂಬ ಸಂಸ್ಥೆ 1917ರಿಂದ ಎರಡು ಮಹಾಯುದ್ಧದಲ್ಲಿ ಸತ್ತವರ ಪಟ್ಟಿ ಇಟ್ಟಿದೆ. ಅದರ ವೆಬ್‌ಸೈಟ್‌ನಲ್ಲಿ ದುಡ್ಡು ಕೊಡದೆ ಹುಡುಕಬಹುದು. ಬರ್ಮಾದಲ್ಲಿ ಸತ್ತು ಸಮಾಧಿಯೂ ಸಿಗದ ಸುಮಾರು 27 ಸಾವಿರ ಜನರ ಹೆಸರು ರಂಗೂನಿನ ಸ್ಮಾರಕದ ಕಂಬಗಳಲ್ಲಿ ಕೆತ್ತಿದೆ. ಹುಡುಕುವಾಗ ಹೆಸರಿನ ಸ್ಪೆಲ್ಲಿಂಗ್ ನಾಲ್ಕಾರು ರೀತಿ ಹಾಕಿ ನೋಡಿ, ಬರೆದವರು ದೊರೆಗಳ ಗುಮಾಸ್ತರು. ಕೆನರಾ ಎಂಬುದನ್ನೂ ಸಿ ಅಕ್ಷರದಲ್ಲಿ, ಕೆ ಅಕ್ಷರದಲ್ಲಿ ಎರಡೂ ರೀತಿ ಬರೆದದ್ದುಂಟು.

ಬರೆದಿಟ್ಟರೆ ಏನಾಗ್ತದೆ? ದೇವಯ್ಯನವರ ಕಥೆ

'ಇದೆಲ್ಲ ಇಟ್ಟುಕೊಂಡು ಏನು ಪ್ರಯೋಜನ?' ಅಂತ ಕೇಳುವವರಿಗೆ ಪಕ್ಕದ ಕೊಡಗಿನ ಒಂದು ಕಥೆ. ಮಾಣಿಯಿಂದ ಪುತ್ತೂರು, ಸುಳ್ಯ ದಾಟಿ ಮಡಿಕೇರಿಗೆ ಹೋದವರು ಅಲ್ಲಿ ವಾಯುಸೇನೆಯ ಅಧಿಕಾರಿಯೊಬ್ಬರ ಪ್ರತಿಮೆ ನೋಡಿರ್ತೀರಿ. ಅವರು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ.

1965ರ ಸೆಪ್ಟೆಂಬರ್ 7ರ ಬೆಳಗ್ಗೆ ಪಂಜಾಬಿನ ಆದಮ್‌ಪುರದಿಂದ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ದೇವಯ್ಯ ಕಾದಿರಿಸಿದ ಪೈಲಟ್. ಯಾರದಾದರೂ ವಿಮಾನ ಕೈಕೊಟ್ಟರೆ ಮಾತ್ರ ಅವರ ಪಾಳಿ. ಕೊನೆಗೆ ಅವರೂ ಹೊರಟರು, ವಾಪಸ್ ಬರಲಿಲ್ಲ. 'ಕಾಣೆ' ಅಂತ ದಾಖಲೆ ಆಯಿತು. ಮನೆಯವರಿಗೆ ಗೊತ್ತಿದ್ದದ್ದು ಅಷ್ಟೇ.

1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ ಆ ಯುದ್ಧದ ಬಗ್ಗೆ ಪಾಕಿಸ್ತಾನದ ಕಡೆಯ ವಿವರ ಇಟ್ಟು ಪುಸ್ತಕ ಬರೆದ. ಅದರಲ್ಲಿ ಸಂಗತಿ ಹೊರಬಿತ್ತು. ಪಾಕಿಸ್ತಾನದ ಸ್ಟಾರ್‌ಫೈಟರ್ ಒಂದು ಹಿಂದೆ ಬಿದ್ದಿತ್ತು. ಅದು ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರುವ ಅಮೆರಿಕದ ವಿಮಾನ. ಮಿಸ್ಟೇರ್ ಅದರ ಮುಂದೆ ಎತ್ತಿನಗಾಡಿ. ಗುಂಡು ತಾಗಿದ ಮೇಲೂ ದೇವಯ್ಯ ಓಡಿಹೋಗದೆ ತಿರುಗಿ ನಿಂತು ಆ ಸ್ಟಾರ್‌ಫೈಟರನ್ನೇ ಹೊಡೆದು ಬೀಳಿಸಿದರು. ಅದರ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಶೂಟಿನಲ್ಲಿ ಹಾರಿ ಬದುಕಿದ. ದೇವಯ್ಯ ಉಳಿಯಲಿಲ್ಲ. ಅವರನ್ನು ಅಲ್ಲಿನ ಹಳ್ಳಿಯವರೇ ಮಣ್ಣು ಮಾಡಿದರು.

ಅಂದು ದಾಳಿಯ ಮುಂದಾಳುವಾಗಿದ್ದ ಒ.ಪಿ. ತನೇಜಾ ಅವರು ಸರಕಾರಕ್ಕೆ ಬರೆದರು. 1988ರಲ್ಲಿ, 23 ವರ್ಷದ ನಂತರ, ದೇವಯ್ಯನವರಿಗೆ ಮಹಾವೀರ ಚಕ್ರ ಬಂತು. ಅವರ ಪತ್ನಿ ಅದನ್ನು ಪಡೆದರು. ಶತ್ರು ಕಡೆಯವರ ಮಾತನ್ನು ಒಬ್ಬ ಬರೆದಿಟ್ಟ, ಇನ್ನೊಬ್ಬರು ಅದನ್ನು ಓದಿ ಸುಮ್ಮನೆ ಕೂರಲಿಲ್ಲ. ಹಾಗಾಗಿ ಆಯಿತು.

ನಮ್ಮ ಅಟ್ಟದ ಪ್ರತಿ ಟ್ರಂಕಿನಲ್ಲೂ ಮಹಾವೀರ ಚಕ್ರ ಇರುವುದಿಲ್ಲ. ಬರ್ಮಾ ರಸ್ತೆಯಲ್ಲಿ ಲಾರಿ ಓಡಿಸಿದವರ, ಮರುಭೂಮಿಯಲ್ಲಿ ಚಪಾತಿ ಸುಟ್ಟವರ ಹೆಸರು ಇರಬಹುದು. ಅವರ ಬಗ್ಗೆ ಯಾವ ಬ್ರಿಟಿಷ್ ಲೇಖಕನೂ ಬರೆಯುವುದಿಲ್ಲ. ಬರೆಯುವವರು ಮನೆಯವರೇ.

ಇಷ್ಟು ಮಾಡಿ

– ಹಂಚು, ನಾಣ್ಯ, ಪದಕ, ಕಾಗದ, ಎಲ್ಲದರ ಎರಡೂ ಬದಿ ಮೊಬೈಲಲ್ಲಿ ಫೋಟೋ ತೆಗೆಯಿರಿ. ಪದಕದ ಅಂಚನ್ನು ಬೇರೆಯಾಗಿ ತೆಗೆಯಿರಿ.

– ಗುಂಪು ಫೋಟೋ ಇದ್ದರೆ ಹಿರಿಯರ ಹತ್ತಿರ ಕೂತು ಯಾರು ಯಾರು ಅಂತ ಕೇಳಿ, ಹಿಂಬದಿಯಲ್ಲಿ ಪೆನ್ಸಿಲಲ್ಲಿ ಬರೆಯಿರಿ. ಪೆನ್ನು ಬೇಡ, ಶಾಯಿ ಇಳಿಯುತ್ತದೆ.

– ಕಾಗದಕ್ಕೆ ಲ್ಯಾಮಿನೇಶನ್ ಮಾಡಿಸಬೇಡಿ. ಒಣಗಿದ ಜಾಗದಲ್ಲಿ, ಕಬ್ಬಿಣದ ಪೆಟ್ಟಿಗೆಯಲ್ಲಿ ಇಡಿ. ನಮ್ಮ ಮಳೆಗಾಲಕ್ಕೆ ಅಟ್ಟ ಒಳ್ಳೆಯದಲ್ಲ.

– ಪಾಲು ಆಗುವಾಗ ಪದಕ ಒಬ್ಬರಿಗೆ, ಪುಸ್ತಕ ಒಬ್ಬರಿಗೆ ಅಂತ ಹಂಚಬೇಡಿ. ಒಟ್ಟಿಗೆ ಇದ್ದರೆ ಮಾತ್ರ ಅದಕ್ಕೆ ಅರ್ಥ.

– ಗುಜರಿ, ಹಳೆ ಸಾಮಾನಿನ ಅಂಗಡಿಯವರಲ್ಲಿ ಒಂದು ವಿನಂತಿ: ತಕ್ಕಡಿಗೆ ಬಂದ ಪದಕದ ಅಂಚಲ್ಲಿ ಹೆಸರು ಕಂಡರೆ ತಂದವರಿಗೆ ಒಮ್ಮೆ ಓದಿ ಹೇಳಿ. ಎಷ್ಟೋ ಜನ ಅದನ್ನು ನೋಡಿಯೇ ಇರುವುದಿಲ್ಲ.